ಕಲಿಕಾ ಹಬ್ಬಕ್ಕೆ ಬಂಡಿ ಕಟ್ಟಿದ್ದು

ಭತ್ತದ ಬಗ್ಗೆ ಯಾವಾಗ ಬರೀತೀರಿ ಅಂತ ನಾಲ್ಕೈದು ಜನ ಕೇಳಿದ್ದೀರಿ. ಎರಡನೇ ಬೆಳೆ ಈಗ ಹಾಲುಗಾಳು ದಾಟಿ ಗಟ್ಟಿ ಆಗ್ತಾ ಐತಿ. ನಮ್ಮದು ವಿಜಯನಗರ ಕಾಲುವೆ ಕೆಳಗಿನ ಎರಡೂವರೆ ಎಕರೆ, ನೀರಿಗೆ ಅಷ್ಟು ತ್ರಾಸಿಲ್ಲ. ಎಲ್‌ಎಲ್‌ಸಿ ಕೆಳಗಿನ ಅಣ್ಣಾರು ಕೊನೇ ನೀರಿನ ಲೆಕ್ಕ ಹಾಕ್ಕೊಂಡು ಕುಂತಿರೋದು ಗೊತ್ತೈತಿ. ಕಟಾವು ಆಗಲಿ, ಗೊಬ್ಬರ, ಔಷಧಿ, ಆಳು ಎಲ್ಲಾ ಖರ್ಚಿನ ಸಮೇತ ಬರೀತೀನಿ. ಇವತ್ತು ಬ್ಯಾರೆ ವಿಷಯ. ಫೆಬ್ರವರಿಯಾಗ ನಮ್ಮೂರ ಸರ್ಕಾರಿ ಶಾಲೆಯಾಗ ಕಲಿಕಾ ಹಬ್ಬ ಆತು, ಅದರ ಸುದ್ದಿ. ಉದ್ದ ಐತಿ. ನೀರು ಕಟ್ಟೋ ಹೊತ್ತಿನಾಗ ಓದಾಕ ಕುಂದ್ರಬ್ಯಾಡ್ರಿ, ಮಡಿ ಒಡೀತಾವ.

ನಾನು ಇದರಾಗ ಹೆಂಗ ಸಿಕ್ಕೆ ಅಂದ್ರೆ ಬಂಡಿಯಿಂದ. ನಮ್ಮೂರಾಗ ಈಗ ಎತ್ತು ಕಟ್ಟಿದೋರು ಮೂರೇ ಮನಿ. ಉಳಿದೋರದೆಲ್ಲ ಟ್ರ್ಯಾಕ್ಟರು. ಹಬ್ಬಕ್ಕೆ ಮುಂಚೆ ಹೆಡ್ ಮಾಸ್ತರು, ಸಿಆರ್‌ಪಿ ಸಾರು ಇಬ್ಬರೂ ಮನಿಗೆ ಬಂದು, "ಮಕ್ಕಳ ಮೆರವಣಿಗೆ ಐತಿ, ನಿಮ್ಮ ಬಂಡಿ ಬೇಕು, ಎತ್ತಿಗೆ ಸಿಂಗಾರ ಮಾಡಿಕೊಡ್ರಿ" ಅಂದ್ರು. ಟ್ರ್ಯಾಕ್ಟರ್ ತಗೊಂಡು ಹೋಗ್ರಿ, ಇಪ್ಪತ್ತು ಮಕ್ಕಳು ಹಿಡಿಸ್ತಾರ ಅಂದೆ. "ಫೋಟೋದಾಗ ಬಂಡೀನೇ ಚಂದ ಕಾಣೋದು ಯಜಮಾನ್ರೇ" ಅಂದ್ರು. ಆಗಲಿ ಅಂತ ಕಾರಹುಣ್ಣಿಮೆಗೆ ತೆಗೆಯೋ ಜೂಲು, ಗೆಜ್ಜೆ ಸರ ಎಲ್ಲಾ ಅಟ್ಟದ ಮ್ಯಾಲಿಂದ ಇಳಿಸಿದೆ. ಕೊಂಬಿಗೆ ಬಣ್ಣ ಹಚ್ಚಿದ್ದು ಮೊಮ್ಮಗ. ಎತ್ತಿಗೆ ಹಚ್ಚಿದ್ದಕ್ಕಿಂತ ತನ್ನ ಅಂಗಿಗೆ ಹಚ್ಚಿಕೊಂಡಿದ್ದೇ ಜಾಸ್ತಿ. ಅವನು ಮೂರನೇ ತರಗತಿ. ನನ್ನ ಮಗ ತೋರಣಗಲ್ಲು ಕಡೆ ಕಾರ್ಖಾನೆಯಾಗ ಶಿಫ್ಟ್ ಕೆಲಸ ಮಾಡ್ತಾನ, ಸೊಸೆಗೆ ಮೈ ಹುಷಾರಿರಲಿಲ್ಲ. ಹಂಗಾಗಿ ಪೋಷಕರ ಲೆಕ್ಕದಾಗ ನಾನೇ ಹೋಗಿದ್ದು.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳಿಬಿಡ್ತೀನಿ. ಕೊರೊನಾ ಆದಮೇಲೆ, ಕಲಿಕಾ ಚೇತರಿಕೆ ಅಂತ ನಡೆಸಿದ 2022-23ರ ವರ್ಷ ಮೊದಲು ಈ ಹಬ್ಬ ಮಾಡಿದ್ರು. ಆಗ ಹಾಡು-ಆಡು, ಕಾಗದ-ಕತ್ತರಿ, ಊರು ತಿಳಿಯೋಣ ಅಂತ ಆಟದ ಮೂಲೆಗಳಿದ್ವು. ಈ ಸಲದ್ದು, ಅಂದ್ರೆ 2024-25ರದ್ದು, ಒಂದರಿಂದ ಐದನೇ ತರಗತಿ ಮಕ್ಕಳಿಗೆ. ಸಮಗ್ರ ಶಿಕ್ಷಣದ ಕಡೆಯಿಂದ ಪ್ರತಿ ಕ್ಲಸ್ಟರ್‌ನಾಗೂ ಮಾಡಬೇಕು ಅಂತ ಬಂದಿತ್ತು. ಗಟ್ಟಿ ಓದುವಿಕೆ, ಕಥೆ ಹೇಳುವುದು, ಕೈಬರಹ, ಸಂತೋಷದಾಯಕ ಗಣಿತ, ಜ್ಞಾಪಕ ಶಕ್ತಿ, ರಸಪ್ರಶ್ನೆ, ಆಮೇಲೆ ಪೋಷಕರು-ಮಕ್ಕಳು ಕೂಡಿ ಮಾಡೋದೊಂದು. ಸುತ್ತಮುತ್ತಲಿನ ಶಾಲೆಗಳ ಮಕ್ಕಳು ಒಂದೇ ಶಾಲೆಗೆ ಬರ್ತಾರ. ನಮ್ಮಲ್ಲಿಗೆ ತಾಂಡಾದ ಶಾಲೆಯಿಂದಾನೂ ಬಂದಿದ್ರು.

ಮೆರವಣಿಗೆ ಚಂದ ಆತು. ಹಲಗೆ, ಡೊಳ್ಳು, ಸಣ್ಣ ಸಣ್ಣ ಹೆಣ್ಣುಮಕ್ಕಳ ತಲಿ ಮ್ಯಾಲೆ ಅವರಿಗಿಂತ ದೊಡ್ಡ ಕೊಡ. ಎದುರಿಗೆ ಖಾಸಗಿ ಶಾಲೆ ವ್ಯಾನು ಬಂದು ನಿಂತ್ಕೊಂತು, ದಾರಿ ಇರಲಿಲ್ಲ. ಕಿಟಕಿಯಾಗಿಂದ ಟೈ ಕಟ್ಟಿದ ಮಕ್ಕಳು ನೋಡ್ತಿದ್ರು. ನಮ್ಮ ಬಂಡಿಯಾಗ ಕುಂತ ಒಬ್ಬ ಪೋರ ಅವರಿಗೆ ನಾಲಿಗೆ ಚಾಚಿದ. ಬೈಯೋಣ ಅಂದ್ಕೊಂಡೆ, ಆದ್ರೆ ವರ್ಷಕ್ಕೊಂದು ದಿನ, ಹೋಗಲಿ ಅಂತ ಬಿಟ್ಟೆ.

ಗಟ್ಟಿ ಓದೋ ಕೋಣೆಯಾಗ ನಾನು ಹಿಂದೆ ಕುಂತು ಕೇಳಿದೆ. ಇಲ್ಲಿ ಒಂದು ಮಾತು ನೇರ ಹೇಳ್ತೀನಿ. ಐದನೇ ತರಗತಿ ಹುಡುಗ, ಎತ್ತರಕ್ಕೆ ನನ್ನ ಭುಜಕ್ಕೆ ಬರ್ತಾನ, ಒತ್ತಕ್ಷರ ಬಂದ ಕಡೆಯೆಲ್ಲ ನಿಂತುಬಿಡ್ತಿದ್ದ. "ಕಷ್ಟ" ಅನ್ನೋ ಪದ ಬಂದಾಗ ಕ ಅಂತಾನ, ಮುಂದಕ್ಕೆ ಹೋಗವಲ್ಲ. ಪಕ್ಕದಾಗ ಎರಡನೇ ತರಗತಿ ಹುಡುಗಿ ಪಟಪಟ ಓದಿ ಕುಂತ್ಲು. ಅದೇ ಊರು, ಅದೇ ಮಾಸ್ತರು. ಆ ಹುಡುಗ ಅಕ್ಷರ ಕಲಿಯೋ ವರ್ಷದಾಗ ಶಾಲೆ ಬಾಗಿಲು ಮುಚ್ಚಿತ್ತು, ಅದನ್ನ ಮರೀಬಾರದು. ಟೀಚರಮ್ಮ ಅವಸರ ಮಾಡಲಿಲ್ಲ, ಕೈಯಾಗಿನ ಗಡಿಯಾರ ತಿರುಗಿಸಿ ಇಟ್ಕೊಂಡು, "ಓದಪ್ಪಾ, ಟೈಮ್ ಐತಿ" ಅಂದ್ರು. ಅವನು ಇಡೀ ಪುಟ ಮುಗಿಸಿದ. ಎಲ್ಲರಿಗಿಂತ ಜಾಸ್ತಿ ಬೆವತಿದ್ದ.

ನಾನು ಆ ವಯಸ್ಸಿನಾಗ ಓದು ಕಲ್ತಿದ್ದು ಕಂಪ್ಲಿಯ ಕ್ಷೌರದ ಅಂಗಡಿಯಾಗ, ರಟ್ಟು ಹರಿದ ಚಂದಮಾಮದಾಗ. ಅಪ್ಪ ಸಂತಿಗೆ ಕರಕೊಂಡು ಹೋದಾಗ ಅಲ್ಲಿ ಕುಂದರಿಸಿ ಹೋಗೋರು. ಬೇತಾಳದ ಕತಿ ಅರ್ಧ ಆಗಿರೋವಾಗಲೇ ಅಪ್ಪ ವಾಪಸ್ ಬಂದುಬಿಡೋರು. ಮುಂದಿನ ವಾರ ಹೋದ್ರೆ ಆ ಪುಸ್ತಕ ಇರ್ತಿರಲಿಲ್ಲ. ಎಷ್ಟೋ ಕತಿಗಳ ಕೊನೆ ನನಗೆ ಇವತ್ತಿಗೂ ತಿಳೀದು. ಇರಲಿ.

ಕತಿ ಹೇಳೋ ಕೋಣೆಗೆ ಬರೋಣ. ಅಲ್ಲೇ ನಾನು ಜಾಸ್ತಿ ಹೊತ್ತು ಕುಂತಿದ್ದು.

ಮೊದಲು ಬಂದ ಐದಾರು ಮಕ್ಕಳು ಕಾಗೆ, ನರಿ, ಮೊಲ, ಆಮೆ ಕತಿ ಹೇಳಿದ್ರು. ಕೈ ಎಲ್ಲಿ ಎತ್ತಬೇಕು, ಕಣ್ಣು ಎಲ್ಲಿ ಅರಳಿಸಬೇಕು ಎಲ್ಲಾ ಮೊಬೈಲ್‌ನಾಗ ನೋಡಿ ಕಲ್ತಂಗಿತ್ತು. ಕೊನೆಗೆ "ಈ ಕಥೆಯ ನೀತಿ ಏನೆಂದರೆ" ಅಂತ ಎಲ್ಲರೂ ಒಂದೇ ರಾಗದಾಗ ಮುಗಿಸಿದ್ರು. ಆಮೇಲೆ ನದಿ ದಂಡೆ ಊರಿನ ನಾಲ್ಕನೇ ತರಗತಿ ಹುಡುಗ ಬಂದ. ಅವನು ಹೇಳಿದ್ದು ಡ್ಯಾಮಿನ ಗೇಟಿನ ಕತಿ.

ನಿಮಗೆಲ್ಲ ನೆನಪೈತಿ. 2024ರ ಆಗಸ್ಟ್ 10ರ ರಾತ್ರಿ ಚೈನು ಕಟ್ ಆಗಿ 33 ಗೇಟಿನಾಗ 19ನೇದು ಕೊಚ್ಕೊಂಡು ಹೋತು. ಡ್ಯಾಮು ತುಂಬಿದ್ದ ಹೊತ್ತು. ಆ ವಾರ ನಾವ್ಯಾರೂ ನಿದ್ದಿ ಮಾಡಲಿಲ್ಲ. ಕನ್ನಯ್ಯ ನಾಯ್ಡು ಅವರು ಬಂದು ಹರಿಯೋ ನೀರಿನಾಗಲೇ ಸ್ಟಾಪ್‌ಲಾಗ್ ಇಳಿಸೋತನ ಎರಡನೇ ಬೆಳೆ ಹೋತು ಅಂತಲೇ ಇದ್ವಿ. ಅದು ದೊಡ್ಡೋರ ಕತಿ. ಹುಡುಗ ಹೇಳಿದ್ದು ಬ್ಯಾರೆ. ನಡುರಾತ್ರಿ ಅವರಪ್ಪಗೆ ಫೋನ್ ಬಂತಂತೆ. ಹೊಳಿ ದಂಡ್ಯಾಗ ಅವರದೊಂದು ಮೋಟ್ರು ಐತಿ, ಐದು ಎಚ್‌ಪಿದು. ಅಪ್ಪ ಪಾನಾ ಹಿಡಕೊಂಡು ಓಡಿದ, ಇವನು ಹಿಂದೆ ಬ್ಯಾಟ್ರಿ ಹಿಡಕೊಂಡು ಓಡಿದ. ಅವ್ವ ಬ್ಯಾಡ ಅಂದ್ರೂ ಕೇಳಲಿಲ್ಲ. ನೀರು ಇನ್ನೂ ಬಂದಿರಲಿಲ್ಲ, ಕಪ್ಪೆ ಮಾತ್ರ ಕೂಗ್ತಿದ್ವು. ಬೋಲ್ಟು ಜಂಗು ಹಿಡಿದಿತ್ತು. ಅಪ್ಪ ಬೈತಾ ಬೈತಾ ಬಿಚ್ಚಿದ. ಬ್ಯಾಟ್ರಿ ಅಲ್ಲಾಡಿದ್ರೆ ಇವನಿಗೂ ಬೈದ. ಮೂರು ಬೋಲ್ಟು ಬಂತು, ನಾಲ್ಕನೇದು ಬರಲಿಲ್ಲ. ಆಗ ಪಕ್ಕದ ಹೊಲದ ಸಾಬ್ರು ಬಂದು ಹಗ್ಗ ಹಾಕಿ ಜಗ್ಗಿದ್ರು. ಬೆಳಿಗ್ಗೆ ಹೋಗಿ ನೋಡಿದ್ರೆ ಮೋಟ್ರು ಇದ್ದ ಜಾಗ ಹೊಳಿ ಆಗಿತ್ತು.

ಇಷ್ಟು ಹೇಳಿ ಕೈಮುಗಿದು ನಿಂತ. ಕೋಣೆ ಸುಮ್ಮಗಾಗಿತ್ತು. ನನ್ನ ಪಕ್ಕ ಕುಂತಿದ್ದ ಇನ್ನೊಬ್ಬ ರೈತ, ನದಿ ಕಡೆಯೋನೇ, "ಆ ನಾಲ್ಕನೇ ಬೋಲ್ಟು ಯಾವತ್ತೂ ಹಂಗೇ ನೋಡು" ಅಂತ ನನ್ನ ಕಿವಿಯಾಗ ಅಂದ.

ತೀರ್ಪು ಕೊಡೋ ಮೇಡಂ ಕೇಳಿದ್ರು, "ಪುಟ್ಟಾ, ನಿನ್ನ ಕಥೆಯ ನೀತಿ ಏನು?"

ಹುಡುಗ ಸ್ವಲ್ಪ ಯೋಚನೆ ಮಾಡಿ, "ಮೋಟ್ರು ಉಳೀತು ಮೇಡಂ" ಅಂದ.

ಎಲ್ಲರೂ ನಕ್ರು, ಮೇಡಂ ಕೂಡ. ಬಹುಮಾನ ಬರಲಿಲ್ಲ. ಮೊದಲ ಬಹುಮಾನ ಕಾಗೆ ಕತಿ ಹೇಳಿದ ಹುಡುಗಿಗೆ ಹೋತು. ಅವಳೂ ಚಂದ ಹೇಳಿದ್ಲು, ಇಲ್ಲ ಅನ್ನಬಾರದು. ಊಟದ ಹೊತ್ತಿನಾಗ ಮೇಡಂನ ಕೇಳಿದೆ. ಅವರ ಹತ್ತಿರ ಒಂದು ಹಾಳೆ ಇತ್ತು, ಧ್ವನಿಗೆ ಇಷ್ಟು, ಹಾವಭಾವಕ್ಕೆ ಇಷ್ಟು, ನೀತಿಗೆ ಇಷ್ಟು ಅಂತ. "ಆ ಹುಡುಗನಿಗೆ ಯಾವ ಕಾಲಂನಾಗ ಅಂಕ ಹಾಕಬೇಕು ಹೇಳ್ರಿ ಯಜಮಾನ್ರೇ" ಅಂದ್ರು. ಅವರ ಮಾತೂ ನಿಜ. ಆದ್ರೆ ನನ್ನ ಕೇಳಿದ್ರೆ ಹಾಳೆ ಬದಲಾಗಬೇಕು, ಹುಡುಗ ಅಲ್ಲ.

ಎರಡನೇ ಬಹುಮಾನ ತಾಂಡಾದ ಹುಡುಗಿಗೆ ಬಂತು. ಅವಳ ವಿಷಯ ಆಮೇಲೂ ಬರ್ತೈತಿ, ಹೆಸರು ಹಾಕೋದಿಲ್ಲ. ನಾಲ್ಕನೇ ತರಗತಿ. ಅವಳವ್ವ ನಮ್ಮ ಹೊಲಕ್ಕೆ ನಾಟಿಗೆ ಬರ್ತಾಳ. ಹುಡುಗಿ ಕನ್ನಡದಾಗ ಶುರು ಮಾಡಿ ಎರಡು ವಾಕ್ಯಕ್ಕೆ ತಡವರಿಸಿ ನಿಂತ್ಲು. ಕಣ್ಣಾಗ ನೀರು. ಮೇಡಂ, "ನಿಮ್ಮ ಮನಿ ಮಾತಿನಾಗ ಹೇಳವ್ವಾ" ಅಂದ್ರು. ಅದೊಂದು ಮಾತಿಗೆ ನಾನು ಆ ಮೇಡಂಗೆ ಕೈ ಮುಗೀತೀನಿ. ಹುಡುಗಿ ಲಂಬಾಣಿಯಾಗ ಹಿಡಿದ್ಲು ನೋಡ್ರಿ. ಕರಬೂಜದ ಹೊಲ ಕಾಯಾಕ ನರಿಯನ್ನ ಇಟ್ಟ ಮುದುಕಿ ಕತಿ. ಅವರಜ್ಜಿ ಹೇಳಿದ್ದಂತೆ. ನರಿ ಬಾಗಿ ಬಾಗಿ ಹಣ್ಣು ಮೂಸೋದು, ಮುದುಕಿ ಬಂದಾಗ ಮಲಗಿದಂಗ ನಟಿಸೋದು. ಭಾಷೆ ಬರದ ಮಕ್ಕಳೂ ನಗೋ ಜಾಗದಾಗ ಸರಿಯಾಗಿ ನಕ್ರು. ನನಗೆ ನಾಟಿ ಆಳುಗಳ ಜತೆ ಅಷ್ಟಿಷ್ಟು ಲಂಬಾಣಿ ತಿಳೀತೈತಿ, ಆದ್ರೆ ಅಲ್ಲಿ ಅದರ ಅಗತ್ಯ ಬೀಳಲಿಲ್ಲ.

ಪೋಷಕರ ಆಟದ ಬಗ್ಗೆ ಜಾಸ್ತಿ ಹೇಳೋದಿಲ್ಲ, ಮಾನ ಹೋಗೋ ವಿಷಯ. ನಮ್ಮ ಕ್ಲಸ್ಟರ್‌ನಾಗ ಏನಿಟ್ಟಿದ್ರು ಅಂದ್ರೆ, ಮಗುವನ್ನ ಒಂದು ಕಡೆ, ಪೋಷಕರನ್ನ ಒಂದು ಕಡೆ ಕುಂದರಿಸಿ ಒಂದೇ ಪ್ರಶ್ನೆ ಕೇಳೋದು. ನಿನ್ನ ಗೆಳೆಯ ಯಾರು, ಯಾವ ಪಲ್ಯ ಸೇರೋದಿಲ್ಲ, ಯಾತಕ್ಕೆ ಹೆದರ್ತೀ. ಎರಡೂ ಉತ್ತರ ಕೂಡಿದ್ರೆ ಅಂಕ. ಓದು ಬರಹ ಬರದ ಅವ್ವಂದಿರು ಎಲ್ಲಾ ಸರಿ ಹೇಳಿದ್ರು. ನಮ್ಮೂರಿನ ಒಬ್ಬ ತಂದೆ, ಪಂಚಾಯ್ತಿಯಾಗ ಭಾಳ ಮಾತಾಡೋ ಮನುಷ್ಯ, ಮಗ ಎಷ್ಟನೇ ತರಗತಿ ಅಂದ್ರೆ ಹೆಂಡತಿ ಮುಖ ನೋಡಿದ. ನನ್ನ ಮೊಮ್ಮಗ ಹೆದರೋದು ಹಾವಿಗೆ ಅಂತ ನಾನು ಬರೆಸಿದೆ. ಅವನು "ತಾತ ಸುಮ್ಮನೆ ಕುಂತ್ರೆ ಹೆದರಿಕಿ ಬರ್ತೈತಿ" ಅಂತ ಬರೆದಿದ್ದ. ಅದಕ್ಕೆ ಏನು ಅರ್ಥ ಅಂತ ಮನಿಗೆ ಬಂದು ಕೇಳಿದೆ. ಹೇಳಲಿಲ್ಲ.

ಸಂಜಿ ಮುಂದೆ ಮಕ್ಕಳ ಆಟ ಇತ್ತು. ಜನವರಿಯಾಗ ಹೊಳಿ ಆಚೆ ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 96ನೇ ವಯಸ್ಸಿನಾಗ ಪದ್ಮಶ್ರೀ ಅಂತ ಬಂದಿತ್ತಲ್ಲ, ತೊಗಲುಗೊಂಬೆ ಆಡಿಸೋ ಅಜ್ಜಿ. ಆ ಸುದ್ದಿ ಓದಿ ಒಬ್ಬರು ಮಾಸ್ತರು ಮಕ್ಕಳ ಕೈಲಿ ರಟ್ಟಿನ ಗೊಂಬಿ ಮಾಡಿಸಿದ್ರು. ಎರಡು ಬಿದಿರು ಗಳ, ನಡುವೆ ಬಿಳಿ ಪಂಚೆ, ಹಿಂದೆ ಮೊಬೈಲ್ ಬ್ಯಾಟ್ರಿ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಗೊಂಬೆಯಾಟ ನೋಡಿದೋರಿಗೆ ಇದು ಮಕ್ಕಳಾಟ. ಅವರು 2023ರಾಗ ಅಪಘಾತದಾಗ ತೀರಿಕೊಂಡ್ರು. ಆದ್ರೆ ಪಂಚೆ ಮ್ಯಾಲೆ ನೆರಳು ಎದ್ದ ಕೂಡಲೇ ಹಿಂದೆ ನಿಂತು ಮಾತಾಡ್ತಿದ್ದ ಗಂಡಸರೂ ಕುಂತ್ಕೊಂಡ್ರು.

ಆಡಿಸಿದ್ದು ನಮ್ಮ ಕಂಪ್ಲಿಯ ಕುಮಾರರಾಮನ ಕತಿ. ಓರುಗಲ್ಲಿನ ಕುದುರೆ ತರೋದು, ಚೆಂಡಾಟ, ದಿಲ್ಲಿ ದಂಡಿನ ಜತೆ ಯುದ್ಧ. ಚೆಂಡು ಹೋಗಿ ರತ್ನಾಜಿ ಅರಮನೆಯಾಗ ಬೀಳೋತನ ಬಂದು, ಅಲ್ಲಿಂದ ಸೀದಾ ಯುದ್ಧಕ್ಕೆ ಹಾರಿದ್ರು! ಮಲತಾಯಿ ಸಂಗತಿ ಐದನೇ ತರಗತಿಗೆ ಹೆಂಗ ಹೇಳೋದು ಅಂತ ಮಾಸ್ತರು ಕತ್ತರಿ ಹಾಕಿದ್ದು. ಹಿರಿಯರೆಲ್ಲ ಮುಖ ಮುಖ ನೋಡ್ಕೊಂಡು ನಕ್ರು. ಒಬ್ಬ ಪೋರ, "ಚೆಂಡು ವಾಪಸ್ ಕೊಟ್ರಾ?" ಅಂತ ಜೋರಾಗಿ ಕೇಳಿದ.

ಈ ಕತಿಯನ್ನ ನಾನು ಸಣ್ಣೋನಿದ್ದಾಗ ಬುರ್ರಕಥೆಯಾಗ ಕೇಳೀನಿ. ಸುಗ್ಗಿ ಮುಗಿದ ಮ್ಯಾಲೆ ಮೇಳದೋರು ಬಂದು ಕಣದಾಗ ಹಾಡೋರು, ಭತ್ತ ಅಳೆದು ಕೊಡ್ತಿದ್ವಿ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಗೊತ್ತಲ್ಲ, ಬುರ್ರಕಥೆ ಈರಮ್ಮ ಅಂತಲೇ ಹೆಸರು. ಅವರಿಗೆ ಅಕ್ಷರ ಬರ್ತಿರಲಿಲ್ಲ. ರಾತ್ರಿಗಟ್ಟಲೆ ಹಾಡೋ ಕಾವ್ಯಗಳು ಬಾಯಾಗಿದ್ವು. ಅವನ್ನ ಹಂಪಿ ಕನ್ನಡ ವಿಶ್ವವಿದ್ಯಾಲಯದೋರು ಬರಕೊಂಡು ಪುಸ್ತಕ ಮಾಡಿದ್ರು. 2014ರಾಗ ಈರಮ್ಮ ಹೋದ್ರು, ಪುಸ್ತಕ ಉಳಿದಾವ. ನಮ್ಮ ಅರಿವು ಕೇಂದ್ರದಾಗ ಐತೇನು ಅಂತ ಹುಡುಕಿದೆ, ಇಲ್ಲ. ಇಪ್ಪತ್ತೈದು ಕಿಲೋಮೀಟರಿನ ಒಳಗಿನ ವಿಷಯ ಇದು.

ಅರಿವು ಕೇಂದ್ರ ಅಂದ್ರೆ ನಮ್ಮ ಪಂಚಾಯ್ತಿ ಲೈಬ್ರರಿ. ಮೊದಲು ಗ್ರಂಥಾಲಯ ಇಲಾಖೆ ಕೈಯಾಗಿತ್ತು, 2019ರಾಗ ಪಂಚಾಯತ್ ರಾಜ್‌ಗೆ ಬಂತು. 2020ರ ನವೆಂಬರ್ 14ಕ್ಕೆ "ಓದುವ ಬೆಳಕು" ಅಂತ ಶುರು ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಅಂತ ಮಾಡ್ಯಾರ. ನಿಮ್ಮ ಊರಾಗೂ ಐತಿ, ಮಕ್ಕಳ ಹೆಸರು ಹಚ್ಚಿಸಿದ್ದೀರೋ ಇಲ್ಲೋ ನೋಡ್ಕೊಳ್ರಿ. ಹಬ್ಬದ ದಿನ ಮೇಲ್ವಿಚಾರಕಿ ಹುಡುಗಿ ಒಂದು ಬೆಂಚಿನ ಮ್ಯಾಲೆ ಮಕ್ಕಳ ಪುಸ್ತಕ ಜೋಡಿಸಿದ್ಲು. ಮಕ್ಕಳು ಕೈ ಹಿಂದೆ ಕಟ್ಕೊಂಡು ನೋಡ್ತಿದ್ರು! ಮುಟ್ಟಿದ್ರೆ ಬೈತಾರ ಅಂತ. ಅವಳು ಬೈಯೋ ಪೈಕಿ ಅಲ್ಲ, ಆದ್ರೆ ಒಂದು ಪುಸ್ತಕ ಕಳೆದ್ರೂ ಲೆಕ್ಕ ಕೊಡಬೇಕಾದೋಳು ಅವಳು. ಇನ್ನೊಂದು ತೊಡಕು, ಲೈಬ್ರರಿ ತೆಗೆಯೋದೂ ಶಾಲೆ ನಡೆಯೋದೂ ಒಂದೇ ಹೊತ್ತು. ಮಕ್ಕಳು ಯಾವಾಗ ಹೋಗಬೇಕು? ಅವತ್ತು ನಾವು ಐದಾರು ಜನ ಕೂಡಿ ಮಾತಾಡಿದ್ವಿ. ಈಗ ಶಾಲೆ ಬಿಟ್ಟ ಮ್ಯಾಲೆ ಒಂದು ತಾಸು ತೆಗೀತಾಳ. ಬೆಳಿಗ್ಗೆ ಒಂದು ತಾಸು ತಡ ಬರ್ತಾಳ. ಪಿಡಿಒ ಸಾಹೇಬ್ರೂ ಹ್ಞೂಂ ಅಂದಾರ.

ಇನ್ನು ಆ ತಾಂಡಾದ ಹುಡುಗಿ. ಹಬ್ಬ ಆದ ನಾಲ್ಕನೇ ದಿನ ಅವರ ಮನಿ ಮಂದಿ ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸಾಕ ಹೊರಟಿದ್ರು. ವರ್ಷಾ ಹೋಗ್ತಾರ, ಯುಗಾದಿತನ ಅಲ್ಲೇ ಗುಡಿಸಲು. ಹೆಡ್ ಮಾಸ್ತರು ನನ್ನನ್ನೂ ಕರಕೊಂಡು ತಾಂಡಾಕ್ಕೆ ಹೋದ್ರು. ಹುಡುಗೀನ ಅಜ್ಜಿ ಹತ್ತಿರ ಬಿಡು, ಶಾಲೆ ತಪ್ಪತೈತಿ ಅಂದ್ವಿ. ಅವಳವ್ವ ಸಿಟ್ಟಾಗಲಿಲ್ಲ. ಜೋಳಿಗೆಯಾಗಿನ ಕೂಸು ತೋರಿಸಿ, "ಯಣ್ಣಾ, ಇದನ್ನ ಯಾರು ನೋಡ್ತಾರ? ಅವಳು ಕಾಯಿ ಬಿಡಿಸೋದು ನನಗೂ ಬ್ಯಾಡ. ಇವನನ್ನ ಹಿಡ್ಕೊಳಾಕ ಬೇಕು. ಖಾರದ ಕೈಲೆ ಕೂಸು ಮುಟ್ಟಂಗಿಲ್ಲ" ಅಂದ್ಲು.

ಹೆಡ್ ಮಾಸ್ತರ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ನನ್ನ ಹತ್ತಿರ ಅರ್ಧ ಉತ್ತರ ಇತ್ತು, ಆದ್ರೆ ಅದು ನನ್ನ ಹೊಲದ್ದು, ಕುರುಗೋಡಿನ ಹೊಲದ್ದಲ್ಲ. ಜನವರಿ ನಾಟಿಗೆ ಇಪ್ಪತ್ತು ಹೆಣ್ಣಾಳು ಬಂದಿದ್ರು, ಅವರ ಜತೆ ನಾಲ್ಕು ಕೂಸು, ಕೂಸು ನೋಡಾಕ ಮೂರು ಹುಡುಗೀರು. ನಮ್ಮ ಓಣಿ ಮುದುಕಿ ಒಬ್ಬಾಕಿಗೆ ದಿನದ ಕೂಲಿ ಗೊತ್ತು ಮಾಡಿ ಬೇವಿನ ಗಿಡದ ಕೆಳಗೆ ಕುಂದರಿಸಿದೆ. ಜೋಲಿ ಕಟ್ಟಿದ್ವಿ. ಹುಡುಗೀರು ಮರುದಿನದಿಂದ ಶಾಲೆಗೆ ಹೋದ್ರು. ಆಳಿನ ಮ್ಯಾಲೆ ಹಂಚಿದ್ರೆ ನಾನೂರು ರೂಪಾಯಿ ಕೂಲಿ ತಲಿಗೆ ಇಪ್ಪತ್ತು ಬಿತ್ತು, ಅದನ್ನ ನಾನೇ ಹಾಕ್ಕೊಂಡೆ. ಆಳು ನಡುನಡುವೆ ಎದ್ದು ಹೋಗೋದು ನಿಂತಿದ್ದಕ್ಕೆ ಅರ್ಧ ದಿನ ಮೊದಲೇ ನಾಟಿ ಮುಗೀತು. ಪಂಚಾಯ್ತಿಯ ಕೂಸಿನ ಮನೆ ಇರೋ ಕಡೆ ಅದೂ ಒಂದು ದಾರಿ, ಆದ್ರೆ ಊರು ಬಿಟ್ಟು ಹೋಗಿ ಹೊಲದಾಗ ಗುಡಿಸಲು ಹಾಕಿದೋರಿಗೆ ಅದು ಎಟುಕೋದಿಲ್ಲ. ಕುರುಗೋಡು, ಸಿರುಗುಪ್ಪ ಕಡೆ ಮೆಣಸಿನಕಾಯಿ ಹಾಕೋ ಅಣ್ಣಾರು ಈ ಪೇಜ್ ಓದೋರು ಭಾಳ ಜನ ಇದ್ದೀರಿ. ಮುಂದಿನ ಬೀಡಿಗೆ ಆಳು ಕರೆಯೋವಾಗ ಮೇಸ್ತ್ರಿಗೆ ಒಬ್ಬ ಮುದುಕೀನೂ ಕರಕೊಂಡು ಬಾ ಅನ್ರಿ. ಮಾಡಿ ನೋಡಿದ್ರೆ ಖರ್ಚು ಎಷ್ಟು ಬಿತ್ತು ಅಂತ ಬರೀರಿ, ನಾನೂ ತಿಳ್ಕೊಂತೀನಿ.

ಹುಡುಗಿ ಹೋದ್ಲು. ಹೋಗೋ ಹಿಂದಿನ ಸಂಜಿ ಲೈಬ್ರರಿಗೆ ಬಂದು ನಾಲ್ಕು ಪುಸ್ತಕ ಬೇಕು ಅಂದ್ಲಂತೆ. ಮೇಲ್ವಿಚಾರಕಿ ನನಗೆ ಫೋನ್ ಮಾಡಿ, "ತಾತ, ಇವಳು ಯುಗಾದಿತನ ಬರೋದಿಲ್ಲ, ಹದಿನೈದು ದಿನಕ್ಕಿಂತ ಜಾಸ್ತಿ ಕೊಡಂಗಿಲ್ಲ, ಏನ್ಮಾಡ್ಲಿ" ಅಂದ್ಲು. ನನ್ನ ಹೆಸರಿಗೆ ಬರಕೊಂಡು ಕೊಡು ಅಂದೆ. ನಾಲ್ಕರಾಗ ಒಂದು ಗಣಿತದ್ದು. ಅದು ಹೆಡ್ ಮಾಸ್ತರ ಒತ್ತಾಯ ಇರಬೇಕು.

ಯುಗಾದಿ ಆಗಿ ಮೂರು ದಿನಕ್ಕೆ ವಾಪಸ್ ಬಂದ್ಲು. ಶಾಲೆಯಾಗ ತಿಂಗಳಿಗಿಂತ ಜಾಸ್ತಿ ಗೈರು. ಪರೀಕ್ಷೆಗೆ ಕುಂತಾಳ. ಪುಸ್ತಕ ಮೂರು ಬಂದಾವ. ಅಂಚಿಗೆಲ್ಲ ಖಾರದ ಕೆಂಪು ಬೆರಳು ಹತ್ತ್ಯಾವ, ಮೇಲ್ವಿಚಾರಕಿ ಮೂಸಿ ನೋಡಿ ಸೀನಿದ್ಲು. ಗುಡಿಸಲಿನಾಗ ಇದ್ದ ಬ್ಯಾರೆ ಮಕ್ಕಳಿಗೆಲ್ಲ ಓದಿ ಹೇಳ್ತಿದ್ಲಂತೆ, ನಾಲ್ಕನೇದನ್ನ ರಾಯಚೂರು ಕಡೆಯಿಂದ ಬಂದ ಒಂದು ಹುಡುಗಿ ಇಟ್ಕೊಂಡಾಳಂತೆ. ಅದು ಗಣಿತದ್ದಲ್ಲ. ನಲವತ್ತು ರೂಪಾಯಿ ಕಟ್ಟಿ ನನ್ನ ಹೆಸರು ಖಾತೆಯಿಂದ ಬಿಡಿಸ್ಕೊಂಡೀನಿ, ರಸೀದಿ ಎತ್ತಿನ ಔಷಧಿ ಚೀಟಿ ಜತೆ ಮಾಡದಾಗೈತಿ.